ಮೂರನೆಯ ಹೆಜ್ಜೆಗೂ ಕರೆಯದ ಮನುಷ್ಯ

ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಚಿಕ್ಕಂದಿನಿಂದಲೂ ಇತ್ತು. ಮೈಸೂರಿನ ಮಾರುಕಟ್ಟೆಯಲ್ಲಿ ಅಮ್ಮ ಕಲಿಸಿದ ವಿದ್ಯೆ ಅದು. ಬೆಲೆ ಕೇಳಬೇಕು, ಮುಖ ಸಿಂಡರಿಸಬೇಕು, "ಹಾಗಾದ್ರೆ ಬೇಡ ಬಿಡಿ" ಎಂದು ಹೊರಟುಬಿಡಬೇಕು. ಮೂರನೆಯ ಹೆಜ್ಜೆ ಇಡುವಷ್ಟರಲ್ಲಿ "ಬನ್ನಿ ಅಕ್ಕಾ, ಬನ್ನಿ" ಎಂಬ ಕೂಗು ಬಂದೇ ಬರುತ್ತದೆ. ಹೂವಿನವರು ಕರೆದಿದ್ದಾರೆ, ಬದನೆಕಾಯಿಯವರು ಕರೆದಿದ್ದಾರೆ, ಆಟೋದವರಂತೂ ಎರಡನೆಯ ಹೆಜ್ಜೆಗೇ ಕರೆದಿದ್ದಾರೆ. ಕರೆಯದವರು ಒಬ್ಬರೇ, ನೆದರ್‌ಲ್ಯಾಂಡ್ಸಿನ ಒಬ್ಬ ಕರೆಂಟಿನ ಏಜೆಂಟರು.

ಕೊರೋನಾ ಶುರುವಾದ ವರ್ಷ ನಾನು ಆ ದೇಶದ ನ್ಯೂವೆಗೈನ್ ಎಂಬ ಊರಿನಲ್ಲಿ ಒಂದು ಮಳಿಗೆ ಬಾಡಿಗೆಗೆ ಹಿಡಿದು ದೋಸೆ ಹಿಟ್ಟಿನ ವ್ಯಾಪಾರಕ್ಕೆ ಇಳಿದೆ. ಆಮ್ಸ್ಟರ್‌ಡ್ಯಾಮ್‌ನಿಂದ ಐಂಡ್‌ಹೋವನ್‌ವರೆಗೆ ನಮ್ಮ ಕಡೆಯವರೆಲ್ಲ ಮನೆಯಲ್ಲೇ ಆಫೀಸು ಮಾಡುತ್ತ, ಬೆಳಗ್ಗೆಯೂ ದೋಸೆ, ಸಂಜೆಯೂ ದೋಸೆ ಎಂದು ಕೂತಿದ್ದ ಕಾಲ. ಹಿಟ್ಟು ಚೆನ್ನಾಗಿ ಹೋಗುತ್ತಿತ್ತು, ಕರೆಂಟೂ ಅಷ್ಟೇ ಖರ್ಚಾಗುತ್ತಿತ್ತು. ರುಬ್ಬಲು ಮೂರು ದೊಡ್ಡ ಗ್ರೈಂಡರು. ಆ ಚಳಿಯಲ್ಲಿ ಹಿಟ್ಟು ಹುಳಿ ಬರಲಿ ಎಂದು ಒಂದು ಕೋಣೆಗೆ ಹೀಟರ್ ಹಾಕಬೇಕು. ಬಂದ ಹುಳಿ ಅಲ್ಲಿಗೇ ನಿಲ್ಲಲಿ ಎಂದು ಪಕ್ಕದ ಕೋಣೆಯನ್ನು ತಣ್ಣಗಿಡಬೇಕು. ಹೆತ್ತ ಮಕ್ಕಳಿಗೂ ನಾನು ಇಷ್ಟು ಉಪಚಾರ ಮಾಡಿರಲಿಲ್ಲ.

ಅಲ್ಲಿ ಕರೆಂಟನ್ನೂ ಖಾಸಗಿ ಕಂಪನಿಗಳೇ ಒಪ್ಪಂದ ಬರೆಸಿಕೊಂಡು ಮಾರುತ್ತವೆ. ಎರಡನೆಯ ವರ್ಷದ ಬೇಸಿಗೆಯಲ್ಲಿ ಆ ಏಜೆಂಟರು ಸೈಕಲ್ಲಿನಲ್ಲಿ ಬಂದರು. ಆರಡಿ ಮೀರಿದ ಆಳು, ಮಾಸ್ಕಿನ ಮೇಲೆ ಎರಡು ನೀಲಿ ಕಣ್ಣು. ಡಿಸೆಂಬರಿಗೆ ನಿಮ್ಮ ಹಳೆಯ ಒಪ್ಪಂದ ಮುಗಿಯುತ್ತದೆ, ಈಗಲೇ ಸಹಿ ಮಾಡಿದರೆ ಮುಂದಿನ ಮೂರು ವರ್ಷ ಒಂದೇ ದರ, ಇಲ್ಲದಿದ್ದರೆ ಮಾರುಕಟ್ಟೆ ಕುಣಿದಂತೆ ನಿಮ್ಮ ಬಿಲ್ಲೂ ಕುಣಿಯುತ್ತದೆ ಎಂದು ವಿವರಿಸಿದರು. ನಾನು ದರ ನೋಡಿ ಮುಖ ಸಿಂಡರಿಸಿದೆ. ಮಾಸ್ಕಿನೊಳಗೆ ಅದು ಕಾಣಲಿಲ್ಲವೇನೋ.

"ಜಾಸ್ತಿಯಾಯಿತು. ಹಾಗಾದರೆ ಬೇಡ ಬಿಡಿ," ಎಂದು ನನ್ನ ಅರೆಬರೆ ಡಚ್ಚಿನಲ್ಲಿ ಹೇಳಿದೆ.

ಹೇಳಿಯಾದ ಮೇಲೆ ಹೊರಡಬೇಕಲ್ಲ? ನನ್ನದೇ ಅಂಗಡಿ ಬಿಟ್ಟು ಎಲ್ಲಿಗೆ ಹೊರಡುವುದು? ತಣ್ಣನೆಯ ಕೋಣೆಯ ಕಡೆಗೆ ಮೂರು ಹೆಜ್ಜೆ ನಡೆದು, ಒಳಗೆ ಹೋಗಿ, ಹಿಟ್ಟಿನ ಡಬ್ಬಗಳ ನಡುವೆ ನಡುಗುತ್ತ ಕರೆಗಾಗಿ ಕಾದೆ. "ಸರಿ, ನಿಮ್ಮ ದಿನ ಚೆನ್ನಾಗಿರಲಿ!" ಎಂಬ ದನಿ ಕೇಳಿಸಿತು. ನಾನು ಹೊರಬರುವಷ್ಟರಲ್ಲಿ ಅವರೂ ಇಲ್ಲ, ಅವರ ಸೈಕಲ್ಲೂ ಇಲ್ಲ.

ನಮ್ಮ ಯಜಮಾನರು ಸಾಫ್ಟ್‌ವೇರಿನವರು. ಪ್ರತಿ ಶನಿವಾರ ಲ್ಯಾಪ್‌ಟಾಪಿನಲ್ಲಿ ಕರೆಂಟಿನ ದರದ ಗೆರೆ ಎಳೆದು ತೋರಿಸುತ್ತಿದ್ದರು. "ವೇಟ್ ಮಾಡು ಕಣೇ, ಈ ಟ್ರೆಂಡ್ ನೋಡು, ಇನ್ನೇನು ಡೌನ್ ಆಗತ್ತೆ." ಆ ಗೆರೆ ಇವತ್ತಿನವರೆಗೆ ಏರಿ ನಾಳೆಯಿಂದ ಇಳಿಯುತ್ತಿತ್ತು. ಮುಂದಿನ ಶನಿವಾರವೂ ಅಷ್ಟೇ, ಇಳಿಯುವುದೆಲ್ಲ ನಾಳೆಯಿಂದಲೇ.

ಸೆಪ್ಟೆಂಬರಿನಲ್ಲಿ ನಾನೇ ಏಜೆಂಟರಿಗೆ ಫೋನ್ ಮಾಡಿದೆ. ದರ ಇನ್ನೂ ಮೇಲೆ ಹೋಗಿತ್ತು. ಬೇರೆಯವರು ಇದಕ್ಕಿಂತ ಕಡಿಮೆಗೆ ಕೊಡುತ್ತಿದ್ದಾರೆ ಎಂದು ಹಸಿ ಸುಳ್ಳು ಬಿಟ್ಟೆ.

"ಹೌದೇ? ಹಾಗಿದ್ದರೆ ದಯವಿಟ್ಟು ಅವರಲ್ಲೇ ಸಹಿ ಮಾಡಿ. ಅಭಿನಂದನೆಗಳು!" ಎಂದರು. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. ಅದೇ ನನ್ನ ಹೊಟ್ಟೆ ಉರಿಸಿತು.

ನವೆಂಬರಿನ ಹೊತ್ತಿಗೆ ಜಂಬವೆಲ್ಲ ಇಳಿದು ಭಯ ಹಿಡಿಯಿತು. ದರ ಹೀಗೇ ಏರಿದರೆ ಗ್ರೈಂಡರು ನಿಲ್ಲಿಸಬೇಕು, ಆಸೆಪಟ್ಟು ಕಟ್ಟಿದ ಅಂಗಡಿಗೆ ನನ್ನ ಬಾಯೇ ಬೀಗ ಹಾಕುತ್ತದಲ್ಲ ಎಂದು ಒಬ್ಬಳೇ ಕೂತು ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಫೋನ್ ಮಾಡಿದೆ. ಏಜೆಂಟರು ಕಾಗದ ಹಿಡಿದು ಬಂದರು. ಆ ದಿನದ ದರ ಸಂಜೆ ಐದರವರೆಗೆ ಮಾತ್ರವಂತೆ.

"ನಾಳೆ ಪಕ್ಕಾ ಡೌನ್ ಆಗತ್ತೆ ಕಣೇ," ಎಂದು ಯಜಮಾನರು ಅಡ್ಡ ಬಂದರು.

"ರೀ, ಆ ಲ್ಯಾಪ್‌ಟಾಪ್ ಮುಚ್ತೀರಾ, ಇಲ್ಲಾ ಉದ್ದಿನಬೇಳೆ ಜೊತೆ ರುಬ್ಬಿಬಿಡ್ಲಾ?"

ಮುಚ್ಚಿದರು. ಐದಕ್ಕೆ ಹತ್ತು ನಿಮಿಷವಿದ್ದಾಗ ಸಹಿ ಹಾಕಿದೆ. ಬೇಸಿಗೆಯ ದರದ ಎರಡರಷ್ಟಾಗಿತ್ತು.

"ಮೊದಲ ಸಲವೇ ನನ್ನನ್ನು ಕರೆಯಬಾರದಿತ್ತೇ?" ಎಂದು ಏಜೆಂಟರನ್ನು ಕೇಳಿಯೇಬಿಟ್ಟೆ.

"ನೀವು ಬೇಡ ಎಂದಿರಲ್ಲ?"

ಆಗ ಅವರನ್ನು ಕೂರಿಸಿ ಮುಖ ಸಿಂಡರಿಸುವುದರಿಂದ ಹಿಡಿದು "ಬನ್ನಿ, ಬನ್ನಿ" ಎಂಬ ಕೂಗಿನವರೆಗೆ ಎಲ್ಲವನ್ನೂ ನಟಿಸಿ ತೋರಿಸಿದೆ. ಅವರು ಒಪ್ಪಂದದ ಷರತ್ತು ಓದುವವರಂತೆ ಗಂಭೀರವಾಗಿ ನೋಡಿದರು. "ಮೂರನೆಯ ಹೆಜ್ಜೆಗೇ? ನಾಲ್ಕನೆಯದಕ್ಕೆ ಕರೆದರೆ ನಡೆಯುವುದಿಲ್ಲವೇ?" ಎಂದು ವಿಚಾರಿಸಿದರು. ಹೋಗುವಾಗ ಒಂದು ಡಬ್ಬ ಹಿಟ್ಟು ಕೊಟ್ಟು ಕಳಿಸಿದೆ.

ಮರುವರ್ಷ ದರ ಎಂಥ ಆಕಾಶಕ್ಕೆ ಹಾರಿತೆಂದರೆ, ನನ್ನ ದುಬಾರಿ ಒಪ್ಪಂದವೇ ಅಗ್ಗವೆನಿಸಿತು. ಅಂಗಡಿ ಉಳಿಯಿತು. ಎಲ್ಲ ನನ್ನ ಚೌಕಾಸಿಯ ಫಲ ಎಂದು ಗೆಳತಿಯರ ಮುಂದೆ ಹೇಳಿಕೊಂಡೆ. ಏಜೆಂಟರಿಗೆ ದೋಸೆಯ ಹುಚ್ಚು ಹಿಡಿದು ವಾರವಾರ ಹಿಟ್ಟಿಗೆ ಬರತೊಡಗಿದರು. ಈ ನಡುವೆ ಅಕ್ಕಿ, ಉದ್ದು ದುಬಾರಿಯಾಗಿ ನಾನು ಹಿಟ್ಟಿನ ಬೆಲೆ ಏರಿಸಿದೆ.

"ಜಾಸ್ತಿಯಾಯಿತು," ಎಂದರು ಅವರು.

"ಫಿಕ್ಸೆಡ್ ರೇಟ್," ಎಂದೆ ಗತ್ತಿನಿಂದ.

ಅವರು ಡಬ್ಬವನ್ನು ಮೇಜಿನ ಮೇಲೆ ವಾಪಸಿಟ್ಟು ಮುಖ ಸಿಂಡರಿಸಿದರು. ಮಾಸ್ಕು ಹೋಗಿತ್ತಾದ್ದರಿಂದ ಪೂರ್ತಿ ಕಾಣಿಸಿತು. ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದರೋ ಏನೋ, ನಮ್ಮಮ್ಮನಿಗೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

"ಹಾಗಾದರೆ ಬೇಡ ಬಿಡಿ," ಎಂದು ಬಾಗಿಲ ಕಡೆಗೆ ಹೊರಟರು.

ಒಂದು ಹೆಜ್ಜೆ. ಎರಡು. ಅವರ ಉದ್ದನೆಯ ಕಾಲಿಗೆ ಮೂರನೆಯದೆಂದರೆ ಬೀದಿಯೇ. ಎತ್ತಿದ ಕಾಲು ಇನ್ನೂ ನೆಲಕ್ಕೆ ಬಿದ್ದಿರಲಿಲ್ಲ, ನನ್ನ ಬಾಯಿ ಅಪ್ಪಟ ಮೈಸೂರು ಕನ್ನಡದಲ್ಲಿ ಕೂಗಿಬಿಟ್ಟಿತು: "ಬನ್ನಿ ಅಣ್ಣಾ, ಬನ್ನಿ!"