ಭಾವ ನೋಡಬೇಕಿದ್ದ ದೀಪ

ನಮ್ಮ ಭಾವನ ಬಲಗೈಯಲ್ಲಿ ಕಡಲೆಬೀಜದಷ್ಟು ದೊಡ್ಡ ಹವಳದ ಉಂಗುರ. ತೀರ್ಪು ಕೊಡುವ ಮುನ್ನ ಅದರಿಂದ ಮೇಜನ್ನು ಟಕಟಕ ಕುಟ್ಟುತ್ತಿದ್ದರು. ನನ್ನ ಗಂಡನ ಅಣ್ಣ, ಸೌತ್‌ಫೀಲ್ಡಿನಲ್ಲಿ ಇಂಜಿನಿಯರು. ಅವರೆದುರು ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅಲ್ಲಿಂದ ಕಾರಿನಲ್ಲಿ ಐದು ಗಂಟೆ ದೂರದ ಬೋಲಿಂಗ್‌ಬ್ರೂಕಿನ ನಮ್ಮ ಮನೆಯ ಗೃಹಪ್ರವೇಶದ ದಿನ, ಕೋಣೆ ಬೆಚ್ಚಗಿಡುವ ಗ್ಯಾಸ್ ಫೈರ್‌ಪ್ಲೇಸ್ ಹಚ್ಚಲು ಹೋದೆ. ಒಳಗೆ ಸದಾ ಉರಿಯಬೇಕಾದ ಪುಟ್ಟ ಪೈಲಟ್ ಜ್ವಾಲೆ ಗುಂಡಿ ಒತ್ತಿದಾಗ ಹತ್ತಿತು, ಬಿಟ್ಟೊಡನೆ ಆರಿತು. ಮೂರು ಸಲವೂ ಹಾಗೇ. ಟಕಟಕ.

"ನಿನ್ನ ಕೈಗುಣ ಸರಿಯಿಲ್ಲಮ್ಮ. ದೇವರ ದೀಪ ನಿಮ್ಮಕ್ಕನೇ ಹಚ್ಚಲಿ," ಎಂದರು ಭಾವ, ತುಂಬಿದ ಮನೆಯಲ್ಲಿ. ನನ್ನ ಮನೆಯ ಮೊದಲ ದೀಪವನ್ನು ಅವರ ಹೆಂಡತಿ ಹಚ್ಚಿದರು. ಆಮೇಲೆ ಹಬ್ಬವಿರಲಿ, ನಾಮಕರಣವಿರಲಿ, ನಾನು ಬೆಂಕಿಪೊಟ್ಟಣ ಮುಟ್ಟಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಆ ಬೆಂಕಿಗೆ ಯಾವ ಪೈಲಟ್ಟೂ ಬೇಕಿರಲಿಲ್ಲ.

ರಿಪೇರಿಯವನು ಬಂದಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಕಲಿತೆ. ಜ್ವಾಲೆಯ ಬಳಿ ಒಂದು ಲೋಹದ ಕಡ್ಡಿ. ಅದು ಕಾದರೆ ಮಾತ್ರ ಗ್ಯಾಸ್ ಬರುತ್ತಿರುತ್ತದೆ. ಮಸಿ ಹಿಡಿದರೆ ಸರಿಯಾಗಿ ಕಾಯುವುದಿಲ್ಲ. ಗ್ಯಾಸ್ ಮುಚ್ಚಿ ಮಸಿ ಉಜ್ಜಬೇಕು, ಮತ್ತೆ ಹಚ್ಚಿ ಗುಂಡಿಯನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು, ಅಷ್ಟೆ. ಕೈಗುಣವಂತೆ, ಕೈಗುಣ!

ಹ್ಯಾಂಡ್‌ಬ್ಯಾಗಿನಲ್ಲಿ ಒಂದು ತುಂಡು ಸ್ಯಾಂಡ್‌ಪೇಪರ್ ಇಟ್ಟುಕೊಂಡು ಎಂಟು ವರ್ಷ ಹಲ್ಲು ಕಚ್ಚಿ ಕಾದೆ.

ಕೊನೆಗೊಂದು ಸಂಕ್ರಾಂತಿ. ಭಾವನದೇ ಮನೆ, ಹೊರಗೆ ಐದು ಡಿಗ್ರಿ ಫ್ಯಾರನ್‌ಹೀಟಿನ ಕೊರೆಯುವ ಚಳಿ, ಮನೆ ತುಂಬ ಜನ. ಅವರ ಪೈಲಟ್ ಹತ್ತುತ್ತಿತ್ತು, ಆರುತ್ತಿತ್ತು. ಭಾವ ಮಂಡಿಯೂರಿ ಬೆವರುತ್ತಿದ್ದರು. ಒಳ್ಳೆಯ ಮಾತಾಡಬೇಕಾದ ಹಬ್ಬ, ನಾನು ಆಡಲಿಲ್ಲ. ಎಳ್ಳುಬೆಲ್ಲ ಮೆಲ್ಲುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದೆ: "ಭಾವ, ನಿಮ್ಮ ಕೈಗುಣ ಸರಿಯಿಲ್ಲ ಅನ್ಸುತ್ತೆ."

ಅವರ ಕಿವಿ ಕೆಂಪಾಯಿತು. ಆಹಾ, ಎಂಥ ಸುಖ! ಆಮೇಲೆ ಕಡ್ಡಿ ಉಜ್ಜಿದೆ. ಗುಂಡಿಯನ್ನು ಅವರ ಕೈಯಲ್ಲೇ ಒತ್ತಿಸಿ, ಬಿಡಿ ಎನ್ನುವವರೆಗೆ ಹಾಗೇ ಕೂರಿಸಿದೆ. ಜ್ವಾಲೆ ಆರದೆ ನಿಂತಿತು.

"ಸೇಡು ತೀರಿಸ್ಕೊಂಡ್ಯಲ್ಲಮ್ಮ," ಎಂದರು.

"ಇನ್ನೂ ತೀರಿಲ್ಲ ಭಾವ. ನಾನು ದೇವರ ದೀಪ ಹಚ್ಚೋವಾಗ ನೀವು ಎದುರಿಗೆ ಕೂತು ನೋಡ್ಬೇಕು."

ಅವರು ನಕ್ಕರು. "ಆಯ್ತಮ್ಮ. ಯುಗಾದಿಗೆ ಡ್ರೈವ್ ಮಾಡ್ಕೊಂಡು ಬರ್ತೀನಿ. ನೀನೇ ಹಚ್ಚು."

ಯುಗಾದಿಗೆ ಮುಂಚೆಯೇ ಎದೆನೋವು ಬಂದು ಹೋಗಿಬಿಟ್ಟರು. ಹೀಗೆ ತಪ್ಪಿಸಿಕೊಳ್ಳುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸೌತ್‌ಫೀಲ್ಡಿನ ಮನೆಯಲ್ಲಿ, ಅವರ ಫೋಟೋದ ಮುಂದೆ, ಅಕ್ಕ ಬೆಂಕಿಪೊಟ್ಟಣವನ್ನು ನನ್ನ ಕೈಗಿಟ್ಟರು. "ನೀನೇ ಹಚ್ಚಬೇಕು. ಅವರು ಮಾತು ಕೊಟ್ಟಿದ್ರಲ್ಲ."

ಹಚ್ಚಿದೆ. ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ. ದೀಪ ಆರಲಿಲ್ಲ. "ನೋಡಿ ಭಾವ," ಎಂದೆ. ಮೇಜಿನ ಕಡೆ ಕಿವಿಗೊಟ್ಟು ತುಂಬ ಹೊತ್ತು ನಿಂತೆ.