ಊಟ ಮಾಡಿ ಕೊಂಡ ಆಟೋಮ್ಯಾಟಿಕ್

ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದ ಅಮ್ಮನಿಗೆ ಮೆಲ್ಬರ್ನ್‌ಗೆ ಬಂದು ಎಷ್ಟೋ ವರ್ಷಗಳ ಮೇಲೆ ಸಿಕ್ಕ ಮೊದಲ ಕೆಲಸ ಅದು: ವೃದ್ಧಾಶ್ರಮದಲ್ಲಿ ಬೆಳಗಿನ ಪಾಳಿ. ನಾವಿದ್ದ ಪಾಯಿಂಟ್ ಕುಕ್ ಬಡಾವಣೆಯಿಂದ ಆ ಹೊತ್ತಿಗೆ ಬಸ್ಸಿಲ್ಲ. ಅಪ್ಪ ಹಳೇ ಮ್ಯಾನ್ಯುಯಲ್ ಕಾರಿನಲ್ಲಿ ಅದಕ್ಕೂ ಮೊದಲೇ, ನಸುಕಿಗೇ, ಜೀಲಾಂಗ್ ಊರಿನ ತಮ್ಮ ಕೆಲಸಕ್ಕೆ ಹೊರಟುಬಿಡುತ್ತಿದ್ದರು. ಅಮ್ಮ ಕ್ಲಚ್‌ಗೆ ಹೆದರಿ ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟವಳು. ಅವಳ ಲೈಸೆನ್ಸ್ ಅದಕ್ಕೆ ಮಾತ್ರ. ನನಗಂತೂ ಲೈಸೆನ್ಸೇ ಇರಲಿಲ್ಲ.

ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಅಪ್ಪನ ಕಾಲೇಜು ಗೆಳೆಯರೊಬ್ಬರು ಹೆಂಡತಿಯ ಸಣ್ಣ ಆಟೋಮ್ಯಾಟಿಕ್ ಮಾರುತ್ತಿದ್ದರು. ‘ನಮ್ಮೋರೇ’ ಎಂಬುದು ಅಪ್ಪನ ಏಕೈಕ ಪುರಾವೆ. ಮೂವರೂ ರೈಲಿನಲ್ಲಿ ಹೋದೆವು. ಕಾರು ನೋಡುವ ಮೊದಲು ಊಟಕ್ಕೆ ಕೂರಿಸಿದರು. ಆಗಲೇ ತೀರ್ಪು ಬಂದಾಗಿತ್ತು. ನಾನು ಮಾತ್ರ ಯೂನಿವರ್ಸಿಟಿ ಡಿಬೇಟಿನ ಚಟದಲ್ಲಿ ವಾದ ಮುಂದುವರಿಸಿದೆ.

“ಅಂಕಲ್, ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದ್ರಿ?”

“ಅದು ಲೈಫ್‌ಟೈಮ್ ಆಯಿಲ್ ಕಣಮ್ಮ. ಚೇಂಜೇ ಮಾಡೋ ಹಾಗಿಲ್ಲ.”

“ಯಾರ ಲೈಫ್‌ಟೈಮ್? ಕಾರಿಂದೋ, ವಾರಂಟಿದೋ?”

ಅಂಕಲ್ ನಕ್ಕು ಅಪ್ಪನ ಬೆನ್ನಿಗೆ ಗುದ್ದಿದರು. “ಏನೋ ಇದು, ಮಗಳನ್ನ ಬೆಳೆಸಿದ್ಯೋ, ಲಾಯರ್ ಇಟ್ಕೊಂಡಿದ್ಯೋ?”

ಕೈ ತೊಳೆಯುವ ನೆಪದಲ್ಲಿ ಅಪ್ಪನನ್ನು ಬದಿಗೆ ಕರೆದು, ಮೆಕ್ಯಾನಿಕ್‌ಗೆ ಒಮ್ಮೆ ತೋರಿಸೋಣ ಎಂದೆ.

“ಎರಡೆರಡು ಸಲ ಬಡಿಸ್ಕೊಂಡು ತಿಂದು, ಈಗ ನಿಮ್ಮ ಗಾಡಿ ಮೇಲೆ ಅನುಮಾನ ಅಂತ ಯಾವ ಬಾಯಲ್ಲಿ ಹೇಳ್ಲಿ?”

“ಊಟ ಚೆನ್ನಾಗಿತ್ತು ಅನ್ನೋದು ಗೇರ್‌ಬಾಕ್ಸಿಗೆ ಸಾಕ್ಷಿ ಅಲ್ಲಪ್ಪ.”

“ಸುಮ್ನಿರೇ.”

ಬೀದಿಯಲ್ಲಿ ಒಂದು ಸುತ್ತು ಹೊಡೆದೆವು. ಎಂಜಿನ್ ತಣ್ಣಗಿತ್ತು, ಬೀದಿ ಸಮತಟ್ಟಾಗಿತ್ತು. ಅಂಥ ಪರೀಕ್ಷೆಯಲ್ಲಿ ಯಾವ ಕಾರು ಫೇಲಾಗುತ್ತದೆ? ದುಡ್ಡು ಕೊಟ್ಟು, ಅದೇ ಕಾರಿನಲ್ಲಿ ಮೆಲ್ಬರ್ನ್‌ಗೆ ಹೊರಟೆವು. ದಾರಿಯ ಗೌಲ್ಬರ್ನ್ ಊರು ದಾಟಿದ ಮೇಲೆ ಏರಿನಲ್ಲಿ ಎಂಜಿನ್ ಕಿರುಚಿತು, ವೇಗ ಮಾತ್ರ ಏರಲಿಲ್ಲ. “ಮೂರು ಜನ ಇದೀವಿ, ಲಗೇಜ್ ಬೇರೆ,” ಎಂದರು ಅಪ್ಪ. ಅಮ್ಮ ಹಿಂದಿನ ಸೀಟಿನಲ್ಲಿ ಹೊಸ ಯೂನಿಫಾರ್ಮಿನ ಅಳತೆಯ ಬಗ್ಗೆ ಮಾತಾಡುತ್ತಿದ್ದಳು.

ಕೆಲವು ವಾರ ಓಡಿತು. ಅಮ್ಮ ಕೆಲಸದಿಂದ ಬಂದವಳು ಅಲ್ಲಿನ ಅಜ್ಜಿಯರು ಕಲಿಸಿದ ಇಂಗ್ಲಿಷ್ ಬೈಗುಳಗಳನ್ನು ನನಗೆ ಒಪ್ಪಿಸುತ್ತಿದ್ದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಈ ದೇಶದಲ್ಲಿ ಕೇಳಿಯೇ ಇರಲಿಲ್ಲ. ಆಮೇಲೊಂದು ಬೆಳಿಗ್ಗೆ ಫ್ರೀವೇಯಲ್ಲಿ ಕಾರು ಯಾವ ಗೇರನ್ನೂ ಹಿಡಿಯಲಿಲ್ಲ. ಮೆಕ್ಯಾನಿಕ್ ಕಪ್ಪಗಾಗಿದ್ದ ಆಯಿಲನ್ನು ಬಟ್ಟೆಗೆ ಒರೆಸಿ ಮೂಸಿ, ಗೇರ್‌ಬಾಕ್ಸ್ ಸುಟ್ಟುಹೋಗಿದೆ, ರಿಪೇರಿಗೆ ದುಡ್ಡು ಸುರಿಯುವುದು ದಂಡ ಎಂದ. ಇನ್ನೊಂದು ಕಾರು ಕೊಳ್ಳುವ ಸ್ಥಿತಿ ನಮ್ಮದಾಗಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಬಿಡಲಿಲ್ಲ. ಆಯಿಲ್, ಏರು, ಮೆಕ್ಯಾನಿಕ್‌ಗೆ ತೋರಿಸದೆ ಕೊಂಡದ್ದು, ಒಂದೊಂದನ್ನೂ ಕ್ರಮವಾಗಿ ಮುಂದಿಟ್ಟೆ. ಅಪ್ಪ ಅನ್ನ ಕಲಸುತ್ತಲೇ ಇದ್ದರು. “ನಮ್ಮ ಹಣೆಬರಹ,” ಎಂದಾಗ ಅದನ್ನೂ ಖಂಡಿಸಿದೆ.

“ಸರಿ, ನೀನೇ ಗೆದ್ದೆ,” ಎಂದಳು ಅಮ್ಮ. “ನಾಳೆ ನನ್ನನ್ನ ಯಾರು ಬಿಡ್ತೀರ, ಹೇಳಿ.”

 ಅಮ್ಮ ಒಂದಷ್ಟು ದಿನ ಟ್ಯಾಕ್ಸಿಯಲ್ಲಿ ಹೋದಳು; ದುಡಿದದ್ದು ಅದಕ್ಕೇ ಹೋಗುತ್ತದೆಂದು ಕಂಡ ಮೇಲೆ ಆಶ್ರಮಕ್ಕೆ ಫೋನ್ ಮಾಡಿ, ಇನ್ನು ಕೆಲಸಕ್ಕೆ ಬರಲಾಗುವುದಿಲ್ಲ, ಸಾರಿ, ಎಂದಳು. ಆ ಕಡೆಯವರು ಕಾರಣ ಕೇಳಿರಬೇಕು. “ಫ್ಯಾಮಿಲಿ ರೀಸನ್ಸ್,” ಎಂದು ಫೋನಿಟ್ಟು, ಕುಕ್ಕರ್ ತೊಳೆಯಲು ಹೋದಳು.