ಕಾಡಿನ ಪಾಲು

ಅಂತರಸಂತೆಯವರು ಚಲುವಯ್ಯನನ್ನು ‘ಸಗಣಿ ಸಾವುಕಾರ’ ಎಂದು ಛೇಡಿಸುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯುಗಾದಿ ಕಳೆಯುತ್ತಲೇ, ಉಳುವ ಎತ್ತುಗಳನ್ನು ಬಿಟ್ಟು ಊರಿನ ನಾಲ್ಕು ಮನೆಯ ಉಳಿದ ದನಗಳನ್ನೆಲ್ಲ ಕಾಡಿಗೆ ಹೊಡೆದುಕೊಂಡು ಹೋಗಿ, ಮುಳ್ಳುಬೇಲಿಯ ದೊಡ್ಡಿ ಕಟ್ಟಿ, ದೀಪಾವಳಿಯವರೆಗೂ ಅಲ್ಲೇ ಇರುವುದು ಅವನ ಕೆಲಸ. ಹಾಲಿಗಾಗಿ ಅಲ್ಲ, ಸಗಣಿಗಾಗಿ. ಕಾಡಿನ ಹುಲ್ಲು ದನದ ಹೊಟ್ಟೆಗೆ, ಹೊಟ್ಟೆಯಿಂದ ದೊಡ್ಡಿಗೆ, ದೊಡ್ಡಿಯಿಂದ ಗಾಡಿಯಲ್ಲಿ ಊರಿನ ಹೊಲಕ್ಕೆ. ತಾವು ನುಂಗುವ ರಾಗಿಮುದ್ದೆಯಲ್ಲಿ ಕಾಡು ಎಷ್ಟಿದೆ ಎಂದು ಊರವರಿಗೆ ಗೊತ್ತಿರಲಿಲ್ಲ. ಚಲುವಯ್ಯನಿಗೆ ಗೊತ್ತಿತ್ತು.

ಮದುವೆಯಾದ ಎರಡನೇ ವರ್ಷವೇ ಹೆಂಡತಿ ಸಾಕಮ್ಮ ಚಳಿಜ್ವರದಲ್ಲಿ ಹೋದಳು. ಆಮೇಲೆ ಯಾರೂ ಇನ್ನೊಂದು ಹೆಣ್ಣಿನ ಮಾತೆತ್ತಲಿಲ್ಲ, ಅವನೂ ಕೇಳಲಿಲ್ಲ. ದೊಡ್ಡಿಯೇ ಮನೆಯಾಯಿತು. ಸಂತೆಯ ದಿನ ಹಿಟ್ಟು ಉಪ್ಪು ತಂದು ಗೊಬ್ಬರ ಹೇರಿಕೊಂಡು ಹೋಗುವ ಗಾಡಿಯ ಮಾದೇವನನ್ನು ಬಿಟ್ಟರೆ, ಮಾತಿಗೆ ಇದ್ದದ್ದು ಕರಿಯ ಎಂಬ ನಾಯಿ. ಮುದ್ದೆ ಎರಡು ಕಟ್ಟಿ ಒಂದನ್ನು ಅದರ ಮುಂದಿಟ್ಟು, “ಇವತ್ತು ಉಪ್ಪು ಕಮ್ಮಿ ಕಣ್ಲಾ” ಎಂದರೆ ಕರಿಯ ಬಾಲ ಆಡಿಸುತ್ತಿತ್ತು. ಅವನ ಮಾತಿಗೆ ಉತ್ತರ ಕೊಡುವ ಜೀವ ಅದೊಂದೇ. ಅದೂ ಇಲ್ಲದಿದ್ದರೆ ಏನು ಗತಿ ಎಂಬುದನ್ನು ಅವನು ಯೋಚಿಸಲೂ ಹೆದರುತ್ತಿದ್ದ.

ವರ್ಷಕ್ಕೊಂದು ದನ ಹುಲಿಯ ಬಾಯಿಗೆ ಹೋಗುತ್ತಿತ್ತು. ಚಲುವಯ್ಯ ಅದನ್ನು ಕಾಡಿನ ಪಾಲು ಎನ್ನುತ್ತಿದ್ದ. ಹುಲಿ ತಿಂದು ಬಿಟ್ಟದ್ದನ್ನು ತಾನೂ ಮುಟ್ಟುತ್ತಿರಲಿಲ್ಲ, ಬೇರೆಯವರಿಗೂ ಮುಟ್ಟಗೊಡುತ್ತಿರಲಿಲ್ಲ. ನರಿ ಬರುತ್ತಿತ್ತು, ರಣಹದ್ದು, ಕಾಗೆ, ಇರುವೆ ಬರುತ್ತಿದ್ದವು. ಎಂಟು ದಿನಕ್ಕೆ ಮೂಳೆ ತೊಳೆದಿಟ್ಟ ಹಾಗೆ. ಮಳೆ ಬಿದ್ದರೆ ಆ ಜಾಗದಲ್ಲಿ ಹುಲ್ಲು ಕಪ್ಪಗೆ ಎದ್ದು, ದನಗಳು ಮೊದಲು ಅಲ್ಲಿಗೇ ಬಾಯಿ ಹಾಕುತ್ತಿದ್ದವು.

“ಕಾಡಿಗೆ ಕೊಟ್ಟಿದ್ದು ಎಲ್ಲಿಗ್ಲಾ ಓಯ್ತದೆ? ತಿರುಗಿ ಬತ್ತದೆ” ಎಂದು ಮಾದೇವನಿಗೆ ಹೇಳುತ್ತಿದ್ದ.

ಐವತ್ತಾರನೇ ಇಸವಿಯ ಬೇಸಿಗೆಯಲ್ಲಿ ಹುಲಿ ಕಟ್ಟಳೆ ಮೀರಿತು. ಒಂದೇ ತಿಂಗಳಲ್ಲಿ ಮೂರು ದನ. ಮೂರನೆಯದು ಊರಿನ ದೊಡ್ಡಮನೆಯ ಗಂಗಾಧರಪ್ಪನ ಗಬ್ಬದ ಹಸು. ಗಂಗಾಧರಪ್ಪ ತಾನೇ ಗಾಡಿ ಕಟ್ಟಿಸಿಕೊಂಡು ಬಂದು, ಬಿಳಿ ಪುಡಿಯ ಪೊಟ್ಟಣವೊಂದನ್ನು ಚಲುವಯ್ಯನ ಕೈಗಿಟ್ಟ.

“ಉಳಿದಿರೋ ಮಾಂಸಕ್ಕೆ ಉದುರ್ಸು. ಹುಲಿ ಇವತ್ತು ತಿರುಗಿ ಬತ್ತದೆ. ತಿಂದು ಸಾಯ್ಲಿ.”

“ಬ್ಯಾಡಿ ಸ್ವಾಮಿ. ಅದ್ನ ನಂಬ್ಕೊಂಡು ಬದುಕೋ ಪ್ರಾಣಿ ಬಾಳ ಅವೆ.”

“ನಿನ್ ಕೈಲಾಗ್ದಿದ್ರೆ ಏಳು. ದೊಡ್ಡಿಗೆ ಬ್ಯಾರೆಯವನ್ನ ಇಡ್ತೀನಿ.”

ದೊಡ್ಡಿಯ ಕೆಲಸ ಹೋದರೆ, ದೀಪಾವಳಿ ಕಳೆದ ಮೇಲೆ ದನದ ಮನೆಯವರು ಮಲಗಲು ಕೊಡುವ ಜಗಲಿಯೂ ಚಲುವಯ್ಯನಿಗೆ ಇರುತ್ತಿರಲಿಲ್ಲ. ಪೊಟ್ಟಣ ತೆಗೆದುಕೊಂಡ. “ನಾಯೀನ ಮೂರು ದಿನ ಕಟ್ಟಾಕು, ಆಮೇಲೆ ವಿಷ ಇಳೀತದೆ” ಎಂದು ಗಂಗಾಧರಪ್ಪ ಗಾಡಿ ಹತ್ತಿದ. ಹಾವು ಕಚ್ಚಿದವನು ಮೂರು ದಿನ ದಾಟಿದರೆ ಗೆದ್ದ ಎನ್ನುವುದು ಊರಿನ ನಂಬಿಕೆ. ಪೊಟ್ಟಣದ ವಿಷಕ್ಕೂ ಇಬ್ಬರೂ ಅದೇ ಗಡುವು ಕಟ್ಟಿದರು.

ಚಲುವಯ್ಯ ಹೆಣಕ್ಕೆ ಪುಡಿ ಉದುರಿಸಿ ಬಂದು ಕರಿಯನನ್ನು ಕಟ್ಟಿಹಾಕಿದ. ಹುಲಿ ಬರಲೇ ಇಲ್ಲ. ಬಂದದ್ದು ಮಿಕ್ಕವು. ಮಾರನೇ ದಿನ ಹೆಣದ ಸುತ್ತ ಆರು ರಣಹದ್ದುಗಳು ರೆಕ್ಕೆ ಹರಡಿಕೊಂಡು ಬಿದ್ದಿದ್ದವು, ಹೊಳೆಯ ದಾರಿಯಲ್ಲಿ ಒಂದು ನರಿ. ಮೂರನೇ ದಿನ ಬೆಳಗಾದರೂ ಒಂದು ಕಾಗೆಯೂ ಕೂಗಲಿಲ್ಲ. ಹಸುವಿನ ಹೆಣ ಹಾಗೇ ಉಬ್ಬಿ ನಾರುತ್ತಿತ್ತು, ತಿನ್ನುವವರೇ ಇಲ್ಲ. ಹದಿನೆಂಟು ವರ್ಷ ಒಬ್ಬನೇ ಕಾಡಿನಲ್ಲಿದ್ದ ಚಲುವಯ್ಯನಿಗೆ ಒಂಟಿತನ ಎಂದರೇನೆಂದು ಗೊತ್ತಾದದ್ದು ಆ ಬೆಳಿಗ್ಗೆ.

“ಏನ್ ಮಾಡ್ಬುಟ್ಟೆ ಕಣ್ಲಾ ನಾನು” ಎಂದ. ಕರಿಯ ಹಗ್ಗ ಜಗ್ಗಿತು.

ನಾಲ್ಕನೇ ದಿನ ಬಿಚ್ಚಿದ. ನಾಯಿ ಆ ಕಡೆ ಸುಳಿಯದಂತೆ ಹೆಣದ ಸುತ್ತ ಮುಳ್ಳು ಕಡಿದು ಹಾಕಿ ಬಂದಿದ್ದ. ಆದರೆ ಹೆಣ ತಿಂದ ಕಾಗೆಯೊಂದು ಹಾರಿ ಬಂದು ದೊಡ್ಡಿಯ ಬೇಲಿಯ ಹಿಂದೆಯೇ ಸತ್ತು ಬಿದ್ದಿದ್ದನ್ನು ಅವನು ನೋಡಿರಲಿಲ್ಲ. ಕರಿಯ ನೋಡಿತು. ಮುದ್ದೆ ಕಟ್ಟಿ ಕರೆಯುವಷ್ಟರಲ್ಲಿ ಅದರ ಬಾಯಲ್ಲಿ ಕಪ್ಪು ಗರಿ ಅಂಟಿತ್ತು, ಕಾಲು ಸೆಟೆಯುತ್ತಿದ್ದವು. ಚಲುವಯ್ಯ ಬಾಯಿ ಬಿಡಿಸಿ ಹುಣಸೆನೀರು ಹುಯ್ದ, ಮಾದಪ್ಪನಿಗೆ ಹರಕೆ ಹೊತ್ತ. ಹೊತ್ತು ನೆತ್ತಿಗೆ ಬರುವ ಮೊದಲೇ ಎಲ್ಲ ಮುಗಿಯಿತು. ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಗಟ್ಟಿಯಾಗಿ ಅತ್ತ. ದನಗಳು ಮೇಯುವುದು ಬಿಟ್ಟು ತಿರುಗಿ ನೋಡಿದವು.

ಹಸುವಿಗೂ ಹದ್ದುಗಳಿಗೂ ಸೌದೆ ಒಟ್ಟಿ ಬೆಂಕಿ ಇಟ್ಟ. ಕರಿಯನನ್ನು ಸುಡಲು ಮನಸ್ಸು ಬರಲಿಲ್ಲ. ಎದೆಮಟ್ಟ ಗುಂಡಿ ತೋಡಿ ಹೂತು, ಮೇಲೆ ಮುಳ್ಳು ಹೇರಿದ. ಸಂಜೆ ಒಲೆ ಮುಂದೆ ಕೂತವನು ಮತ್ತೆ ಎರಡು ಮುದ್ದೆ ಕಟ್ಟಿದ.

ಮಳೆ ಹಿಡಿಯಿತು. ಮುಳ್ಳು ಕೊಳೆತು, ಗುಂಡಿಯ ಮೇಲೆ ಹುಲ್ಲು ಮೊಣಕಾಲುದ್ದ ಎದ್ದು ನಿಂತಿತು. ಸುತ್ತ ಎಲ್ಲೂ ಅಷ್ಟು ಕಪ್ಪು ಹಸಿರು ಇರಲಿಲ್ಲ. ಚಲುವಯ್ಯ ಕೋಲು ಹಿಡಿದು ಅದರ ಪಕ್ಕ ಕೂತ, ಒಂದು ದನವನ್ನೂ ಹತ್ತಿರ ಬಿಡಲಿಲ್ಲ. ಕೊಟ್ಟದ್ದು ತಿರುಗಿ ಬರುತ್ತದೆ ಎಂದವನು ತಾನೇ ಅಲ್ಲವೇ? ಕೊಟ್ಟ ವಿಷವೂ ಬಂದರೆ?

“ನಾಯಿ ಸತ್ತು ಎಲ್ಡು ತಿಂಗಳಾಯ್ತು ಕಣಣ್ಣ, ಇನ್ನೂ ಯಾರ್ನ ಕಾಯ್ತಿದ್ದೀಯೆ?” ಎಂದು ಮಾದೇವ ನಕ್ಕ. ಚಲುವಯ್ಯ ಗೊಬ್ಬರ ಹೇರಿ ಕಳಿಸಿದ.

ಒಂದು ಮಧ್ಯಾಹ್ನ ಅವನಿಗೆ ಕಣ್ಣು ಹತ್ತಿತು. ಎದ್ದು ನೋಡಿದರೆ, ಹಾಲು ಕರೆಯುತ್ತಿದ್ದ ಕೆಂದಿ ಎಂಬ ಹಸು ಅಷ್ಟೂ ಹುಲ್ಲನ್ನು ಬುಡದವರೆಗೆ ಮೇಯ್ದು ನಿಂತಿತ್ತು. ಹೊಡೆಯಲು ಕೋಲೆತ್ತಿದ, ಹಾಗೇ ಇಳಿಸಿದ. ಕತ್ತಲಾಗುವವರೆಗೂ ಅದರ ಪಕ್ಕ ಕೂತು ಕಿವಿ ಮುಟ್ಟಿ ನೋಡಿದ, ಕಾಲು ಮುಟ್ಟಿ ನೋಡಿದ. ಕೆಂದಿ ಅವನ ಭಯಕ್ಕೆ ಸೊಪ್ಪು ಹಾಕದೆ ಮೆಲುಕು ಹಾಕುತ್ತಿತ್ತು.

ಬೆಳಿಗ್ಗೆ ಕರೆದ ಹಾಲು ತಂಬಿಗೆ ತುಂಬಿ ನೊರೆ ಉಕ್ಕಿತು. ಚಲುವಯ್ಯ ಅದನ್ನು ಹಿಡಿದುಕೊಂಡು ಹೋಗಿ ಗುಂಡಿಯ ಪಕ್ಕ ಕೂತ, ಬಹಳ ಹೊತ್ತು ಹಾಲನ್ನೇ ನೋಡಿದ. ಅದರಲ್ಲಿ ವಿಷ ಇದ್ದರೆ ಅದು ತಾನು ಇಟ್ಟದ್ದು. ಕರಿಯ ಇದ್ದರೆ, ಅದೂ ತನ್ನದೇ.

“ನಿನ್ ಪಾಲ್ನೂ ನಾನೇ ಕುಡೀತೀನಿ ಕಣ್ಲಾ” ಎಂದ.

ಕುಡಿದ. ತಂಬಿಗೆಯ ತಳದಲ್ಲಿ ಉಳಿದದ್ದನ್ನು ಹುಲ್ಲಿನ ಕೂಳೆಗೆ ಚೆಲ್ಲಿ, ದನ ಬಿಡಲು ಎದ್ದ.